'ಸಾಕ್ಷಿ ಹೇಳು': ಕಣ್ಣಿಗೊಂದು ಬಾಯಿ
'ನೋಡಿದ್ದು ನಿಜ ಸ್ವಾಮಿ, ಆದರೆ ಸಾಕ್ಷಿಗೆ ಮಾತ್ರ ಕರೆಯಬೇಡಿ' ಎನ್ನುವವರು ಹಳ್ಳಿಮೈಸೂರಿನಂತೆ ಎಲ್ಲ ಊರುಗಳಲ್ಲೂ ಸಿಗುತ್ತಾರೆ. ಆದರೆ ಕಂಡವನಿಗೆ ಹೇಳುವ ಹೊಣೆಯೂ ಉಂಟು ಎಂಬುದನ್ನು 'ಸಾಕ್ಷಿ ಹೇಳು' ಎಂಬ ನಮ್ಮ ಕ್ರಿಯಾಪದವೇ ತಿಳಿಸುತ್ತದೆ.

'ಸಾಕ್ಷಿ' ಸಂಸ್ಕೃತದಿಂದ ಬಂದ ಪದ. ಕಣ್ಣು ಎಂಬರ್ಥದ 'ಅಕ್ಷಿ' ಅದರೊಳಗಿದೆ. ಎದುರಿಗಿದ್ದು ಕಂಡವನೇ ಸಾಕ್ಷಿ ಎಂಬುದು ವೈಯಾಕರಣ ಪಾಣಿನಿಯ ವಿವರಣೆ. ಈ ಪದಕ್ಕೆ ಕನ್ನಡಿಗರು 'ಹೇಳು', 'ನುಡಿ' ಎಂಬ ಅಚ್ಚಗನ್ನಡ ಧಾತುಗಳನ್ನು ಸೇರಿಸಿ ಕಣ್ಣಿಗೆ ಬಾಯಿ ಕೊಟ್ಟರು. ಕ್ರಯಪತ್ರಕ್ಕೆ ರುಜು ಮಾಡುವುದು 'ಸಾಕ್ಷಿ ಹಾಕು' ಎಂದಾಯಿತು.

ಹಾಸನದ ಸೀಮೆಯನ್ನು ಹಿಂದೆ ಗಂಗರು ಆಳಿದ್ದರು. ಅವರ ಕೆಲವು ತಾಮ್ರಶಾಸನಗಳಲ್ಲಿ, ಕೊಟ್ಟ ದಾನಕ್ಕೆ 'ತೊಂಬತ್ತಾರು ಸಾವಿರ' ನಾಡಿನ ಪ್ರಜೆಗಳೇ ಸಾಕ್ಷಿಗಳೆಂದು ಬರೆಸಲಾಗಿದೆ. ಮುಂದೆ ವಿಜಯನಗರದ ಕಾಲದ ಶಾಸನಗಳಲ್ಲಿ ಸೂರ್ಯ, ಚಂದ್ರ, ಗಾಳಿ, ಬೆಂಕಿ, ಹಗಲು, ಇರುಳುಗಳನ್ನೂ ಸಾಕ್ಷಿಗೆ ಕರೆದದ್ದುಂಟು. ಮನುಷ್ಯರು ಯಾರೂ ನೋಡದಿದ್ದಾಗಲೂ ಇವು ನೋಡುತ್ತಿರುತ್ತವೆ ಎಂಬ ನಂಬಿಕೆ ಅದರ ಹಿಂದಿತ್ತು.

ನ್ಯಾಯಾಲಯಕ್ಕೆ ಮಾತ್ರ ಮಾತನಾಡುವ ಸಾಕ್ಷಿ ಬೇಕು. ಕಂಡ ಸಂಗತಿಯನ್ನು ಕಂಡವನೇ ಹೇಳಬೇಕು ಎಂದು 1872ರ ಸಾಕ್ಷ್ಯ ಕಾಯ್ದೆ ವಿಧಿಸಿತು. ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಈ ನಿಯಮ ಉಳಿದಿದೆ. ಕಂಡವರು ಬೆದರಿಕೆಗೆ ಅಂಜಿ ಬಾಯಿ ಮುಚ್ಚಿಕೊಳ್ಳಬಾರದೆಂದೇ ಸಾಕ್ಷಿಗಳ ರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿಗೆ ನೀಡಿತು. ಸೂರ್ಯ ಚಂದ್ರರು ಕಟಕಟೆ ಹತ್ತಲಾರರು, ಕಂಡವರೇ ಹತ್ತಬೇಕು.