ಮೋಡರಹಿತ ಉಪಗ್ರಹ ಚಿತ್ರಗಳು: ಸಿದ್ಧಪಡಿಸುವ ವಿಧಾನ ಹಾಗೂ ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಭೂಮಂಡಲದ ಸರಾಸರಿ ಮೂರನೇ ಎರಡು ಭಾಗವನ್ನು ಸದಾ ಮೋಡ ಆವರಿಸಿರುತ್ತದೆ. ಮುಂಗಾರಿನ ಅವಧಿಯಲ್ಲಿ ಮಲೆನಾಡು ಹಾಗೂ ಕರಾವಳಿ ಪ್ರದೇಶಗಳ ಸ್ಪಷ್ಟ ಚಿತ್ರ ದೊರೆಯುವುದು ವಿರಳ. ಆದ್ದರಿಂದ ವಿಶಾಲ ಪ್ರದೇಶದ ಮೋಡರಹಿತ ಚಿತ್ರವನ್ನು ಸಾಮಾನ್ಯವಾಗಿ ಹಲವು ದಿನಗಳ ಚಿತ್ರಗಳಿಂದ ಸಂಯೋಜಿಸಲಾಗುತ್ತದೆ. ಜಮೀನು, ಬೆಳೆ ಅಥವಾ ಕಟ್ಟಡದ ಸ್ಥಿತಿಗೆ ಆಧಾರವಾಗಿ ಉಪಗ್ರಹ ಚಿತ್ರವನ್ನು ಸಲ್ಲಿಸುವವರು ಈ ಅಂಶವನ್ನು ತಿಳಿದಿರುವುದು ಅವಶ್ಯ.

ಸಿದ್ಧಪಡಿಸುವ ವಿಧಾನ

1. ಸಂಗ್ರಹಣೆ: ಒಂದೇ ಸ್ಥಳದ ಅನೇಕ ದಿನಗಳ ಚಿತ್ರಗಳನ್ನು ಸಂಗ್ರಹಿಸಲಾಗುತ್ತದೆ. ಲ್ಯಾಂಡ್‌ಸ್ಯಾಟ್ 8 ಮತ್ತು 9 ಉಪಗ್ರಹಗಳು ಒಟ್ಟಾಗಿ 8 ದಿನಗಳಿಗೊಮ್ಮೆ, ಸೆಂಟಿನೆಲ್-2 ಜೋಡಿ ಉಪಗ್ರಹಗಳು 5 ದಿನಗಳಿಗೊಮ್ಮೆ ಅದೇ ಸ್ಥಳದ ಚಿತ್ರ ತೆಗೆಯುತ್ತವೆ.

2. ಮೋಡಗಳ ಗುರುತಿಸುವಿಕೆ: ದಟ್ಟ ಮೋಡವನ್ನು ಅದರ ಹೊಳಪಿನಿಂದ, ಎತ್ತರದ ತೆಳು ಮೋಡವನ್ನು ಸುಮಾರು 1.38 ಮೈಕ್ರೋಮೀಟರ್ ತರಂಗಾಂತರದ ಅವಕೆಂಪು ಕಿರಣಗಳಿಂದ ಗುರುತಿಸಲಾಗುತ್ತದೆ. ಸೂರ್ಯನ ಕೋನವನ್ನು ಆಧರಿಸಿ ಮೋಡದ ನೆರಳನ್ನು ಪತ್ತೆಹಚ್ಚಿ, ಆ ಭಾಗಗಳನ್ನು ಕೈಬಿಡಲಾಗುತ್ತದೆ.

3. ಸಂಯೋಜನೆ: ಪ್ರತಿಯೊಂದು ಚಿತ್ರಬಿಂದುವಿಗೆ ಉಳಿದ ದಿನಗಳ ಬೆಲೆಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿ, ಅವುಗಳ ಮಧ್ಯಾಂಕವನ್ನು ಆಯ್ದುಕೊಳ್ಳುವುದು ಪ್ರಚಲಿತ ವಿಧಾನವಾಗಿದೆ. ಇದರಿಂದ ಅಳಿದುಳಿದ ಮೋಡದ ಅತಿ ಹೊಳಪು ಹಾಗೂ ನೆರಳಿನ ಅತಿ ಕಪ್ಪು ತಾವಾಗಿಯೇ ಹೊರಗುಳಿಯುತ್ತವೆ.

ಮಿತಿಗಳು

ಮೂರು ದಿನ ನಿಂತು ಇಳಿದ ನೆರೆನೀರು ಮೋಡದಂತೆಯೇ ಸಂಯೋಜಿತ ಚಿತ್ರದಿಂದ ಅಳಿಸಿಹೋಗಬಹುದು. ಅವಧಿಯ ಕೊನೆಯಲ್ಲಿ ಕಟ್ಟಿದ ಮನೆಯೂ ಅದರಲ್ಲಿ ಕಾಣದಿರಬಹುದು. ಅಕ್ಕಪಕ್ಕದ ಎರಡು ಬಿಂದುಗಳು ಬೇರೆ ಬೇರೆ ದಿನಗಳಿಗೆ ಸೇರಿರಲೂಬಹುದು.

ಅರ್ಜಿದಾರರಿಗೆ ಸೂಚನೆಗಳು

ಅ) ನಿರ್ದಿಷ್ಟ ದಿನದ ಬೆಳೆಹಾನಿ, ನೆರೆ ಅಥವಾ ಒತ್ತುವರಿಯ ವಿಷಯದಲ್ಲಿ ಸಂಯೋಜಿತ ಚಿತ್ರದ ಬದಲು ಏಕದಿನದ ಮೂಲ ಚಿತ್ರವನ್ನು ಕೋರುವುದು. ಅದರಲ್ಲಿ ಉಪಗ್ರಹದ ಹೆಸರು, ಚಿತ್ರ ತೆಗೆದ ದಿನಾಂಕ ಹಾಗೂ ಮೋಡದ ಶೇಕಡಾವಾರು ನಮೂದಾಗಿರುವುದನ್ನು ಖಚಿತಪಡಿಸಿಕೊಳ್ಳುವುದು.

ಆ) ಸಂಯೋಜಿತ ಚಿತ್ರವಾದಲ್ಲಿ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗಿನ ಚಿತ್ರಗಳನ್ನು ಬಳಸಲಾಗಿದೆ ಎಂಬುದನ್ನು ಕೇಳಿ ಪಡೆಯುವುದು.

ಇ) ಆ ದಿನ ಮೋಡ ಕವಿದಿದ್ದಲ್ಲಿ, ಹಿಂದಿನ ಹಾಗೂ ಮುಂದಿನ ಸಮೀಪದ ದಿನಗಳ ಚಿತ್ರಗಳನ್ನು ಅಥವಾ ರಾಡಾರ್ ಚಿತ್ರವನ್ನು ಪರಿಶೀಲಿಸಬಹುದು. 2022ರ ಫೆಬ್ರವರಿ 14ರಂದು ಇಸ್ರೋ ಉಡಾಯಿಸಿದ ಇಒಎಸ್-04 ರಾಡಾರ್ ಉಪಗ್ರಹವಾಗಿದ್ದು, ಇಂತಹ ಉಪಗ್ರಹಗಳು ಮೋಡದ ಮೂಲಕವೂ, ರಾತ್ರಿ ವೇಳೆಯಲ್ಲೂ ಭೂಮಿಯ ಚಿತ್ರಣ ನೀಡಬಲ್ಲವು. ಆದರೆ ಇವುಗಳಲ್ಲಿ ಸಹಜ ಬಣ್ಣಗಳಿರುವುದಿಲ್ಲ.

ಈ) ಸೆಂಟಿನೆಲ್-2 ಚಿತ್ರದ 10 ಮೀಟರ್ ಅಳತೆಯ ಒಂದು ಬಿಂದು ಸರಿಸುಮಾರು ಒಂದು ಗುಂಟೆ ನೆಲಕ್ಕೆ ಸಮ. ಆದುದರಿಂದ ಇಂತಹ ಚಿತ್ರದಿಂದ ಜಮೀನಿನ ಗಡಿಯನ್ನು ನಿರ್ಧರಿಸಲಾಗದು. ಅದಕ್ಕೆ ಭೂಮಾಪನವೇ ಅಗತ್ಯ ಎಂಬುದನ್ನು ಸಾರ್ವಜನಿಕರು ಗಮನಿಸಲು ಕೋರಲಾಗಿದೆ.