ಹೊರೆ ಮತ್ತು ಜಾಮೀನು: ರಾಯಚೂರು ಸೀಮೆಯ ಸಂಘಗಳ ಚರಿತ್ರೆಯ ಒಂದು ದೈವಶಾಸ್ತ್ರೀಯ ಅವಲೋಕನ

ಸಂತ ಪೌಲರು ಗಲಾತ್ಯದ ಕ್ರೈಸ್ತರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ, ಕೆಲವೇ ವಾಕ್ಯಗಳ ಅಂತರದಲ್ಲಿ, ಪರಸ್ಪರ ವಿರುದ್ಧವೆಂದು ತೋರುವ ಎರಡು ಮಾತುಗಳಿವೆ. ಒಬ್ಬರ ಭಾರವನ್ನು ಮತ್ತೊಬ್ಬರು ಹೊರುವುದರಿಂದ ಕ್ರಿಸ್ತನ ನಿಯಮ ನೆರವೇರುತ್ತದೆ ಎಂಬುದು ಮೊದಲನೆಯದು. ಪ್ರತಿಯೊಬ್ಬರೂ ತಮ್ಮ ಹೊರೆಯನ್ನು ತಾವೇ ಹೊರಬೇಕೆಂಬುದು ಎರಡನೆಯದು. ಮೂಲ ಗ್ರೀಕಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಪದಗಳಿರುವುದನ್ನು ವ್ಯಾಖ್ಯಾನಕಾರರು ಗುರುತಿಸಿದ್ದಾರೆ. ‘ಬಾರೊಸ್’ ಎಂದರೆ ಮನುಷ್ಯನನ್ನು ಕುಗ್ಗಿಸುವ ಭಾರ. ‘ಫೋರ್ತಿಯೋನ್’ ಎಂದರೆ ಪ್ರತಿಯೊಬ್ಬ ಪಯಣಿಗನ ಪಾಲಿನ ಗಂಟು. ಇವೆರಡರ ಜೊತೆಗೆ ಜ್ಞಾನೋಕ್ತಿಗಳ ಗ್ರಂಥವು ಮೂರನೆಯ ಸಂಬಂಧವೊಂದನ್ನು ಹೆಸರಿಸಿ ಎಚ್ಚರಿಸುತ್ತದೆ. ಅದು ನೆರೆಯವನ ಸಾಲಕ್ಕೆ ಜಾಮೀನು ನಿಲ್ಲುವುದು. ಹಾಗೆ ನಿಂತವನು ಬೇಡನ ಬಲೆಗೆ ಸಿಕ್ಕ ಪ್ರಾಣಿಯಂತೆ ತಪ್ಪಿಸಿಕೊಳ್ಳಲು ತ್ವರೆಪಡಬೇಕೆಂಬುದು ಅದರ ಬುದ್ಧಿವಾದ.

ಹೊರೆ ಹಂಚಿಕೊಳ್ಳುವುದಕ್ಕೂ ಜಾಮೀನು ನಿಲ್ಲುವುದಕ್ಕೂ ಇರುವ ಅಂತರ ಇಂದು ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಬಡ ಕುಟುಂಬಗಳಿಗೆ ಬದುಕಿನ ಪ್ರಶ್ನೆಯಾಗಿದೆ. ಅಲ್ಲಿ ಎರಡೂ ಬಗೆಯ ಕೂಟಗಳಿಗೆ ಜನ ಬಳಸುವ ಹೆಸರು ಒಂದೇ: ‘ಸಂಘ’. ಒಂದೇ ಹೆಸರಿನೊಳಗೆ ಎರಡು ಸಂಗತಿಗಳು ಹೇಗೆ ಸೇರಿಕೊಂಡವು, ಸಂಘ ಕಟ್ಟಲು ನೆರವಾಗುವವರ ಕರ್ತವ್ಯವೇನು ಎಂಬುದನ್ನು ಚರಿತ್ರೆಯ ಆಧಾರದಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

1. ಮಸ್ಕಿಯ ಬಂಡೆ

‘ಸಂಘ’ ಎಂಬ ಪದ ಈ ಸೀಮೆಗೆ ಹೊಸದಲ್ಲ. 1915ರಲ್ಲಿ ಚಿನ್ನದ ನಿಕ್ಷೇಪಗಳನ್ನು ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಮಸ್ಕಿಯಲ್ಲಿ ಕಂಡ ಬಂಡೆಗಲ್ಲಿನ ಶಾಸನವು ಅಶೋಕನನ್ನು ಹೆಸರೆತ್ತಿ ಹೇಳುವ ಕೆಲವೇ ಶಾಸನಗಳಲ್ಲೊಂದು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಆ ಪ್ರಾಕೃತ ಬರಹದಲ್ಲಿ ಚಕ್ರವರ್ತಿಯು ತಾನು ಸಂಘದ ಸಮೀಪಕ್ಕೆ ಹೋದುದನ್ನು ತಿಳಿಸುತ್ತಾನೆ. ಧರ್ಮದಲ್ಲಿ ನಿರತನಾದ ಅಲ್ಪನೂ ಉನ್ನತ ಗುರಿಯನ್ನು ಮುಟ್ಟಬಲ್ಲ, ಅದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ಎಣಿಸಬಾರದು ಎಂಬುದು ಅದರ ತಿರುಳು. ಅಲ್ಲಿಯ ಸಂಘವು ಬೌದ್ಧ ಭಿಕ್ಷುಗಳದು. ಇಂದಿನ ಸ್ವಸಹಾಯ ಸಂಘಕ್ಕೂ ಅದಕ್ಕೂ ನೇರ ವಂಶಾವಳಿಯನ್ನು ಕಲ್ಪಿಸುವುದು ಸಲ್ಲದು. ಆದರೂ ಅಲ್ಪನ ಸಾಮರ್ಥ್ಯದ ಬಗೆಗಿನ ಆ ಮಾತು ನಮ್ಮ ವಿಷಯಕ್ಕೆ ಹೊರಗಿನದಲ್ಲ. ಅಲ್ಪರು ಕೂಡಿದಾಗ ತಮ್ಮ ಕೆಲಸವನ್ನು ತಾವೇ ಮಾಡಬಲ್ಲರೆಂಬ ನಂಬಿಕೆ ಇಲ್ಲದವನು ಸಂಘವನ್ನು ಕಟ್ಟಲಾರ, ಕಟ್ಟಿದರೂ ಬಿಟ್ಟುಕೊಡಲಾರ.

2. ಧರ್ಮಸಭೆಯ ಅನುಭವ

ಬಡವರ ಸಾಲದ ಪ್ರಶ್ನೆಗೆ ಧರ್ಮಸಭೆಯು ಕೊಟ್ಟ ಉತ್ತರಗಳಿಗೂ ಒಂದು ಚರಿತ್ರೆಯಿದೆ. 1462ರಲ್ಲಿ ಇಟಲಿಯ ಪೆರೂಜಾದಲ್ಲಿ ಫ್ರಾನ್ಸಿಸ್ಕನ್ ಸಭೆಯವರು, ಬಡ್ಡಿಗಾರರ ಹಿಡಿತದಿಂದ ಬಡವರನ್ನು ಬಿಡಿಸಲು ಒತ್ತೆಯ ಮೇಲೆ ಸಾಲ ಕೊಡುವ ಕರುಣಾನಿಧಿಯನ್ನು ಸ್ಥಾಪಿಸಿದರು. ನಿರ್ವಹಣೆಯ ವೆಚ್ಚಕ್ಕೆಂದು ಅಲ್ಪ ಶುಲ್ಕ ಪಡೆಯುವುದು ಅನ್ಯಾಯದ ಬಡ್ಡಿಯಲ್ಲವೆಂದು ಐದನೆಯ ಲ್ಯಾಟರನ್ ಮಹಾಸಭೆ 1515ರಲ್ಲಿ ಒಪ್ಪಿತು. ಆದರೆ ಆ ನಿಧಿ ದಾನಿಗಳದು. ಸಾಲಗಾರನು ಅದರ ಬಾಗಿಲಲ್ಲಿ ನಿಂತ ಅರ್ಜಿದಾರ ಮಾತ್ರ.

ಮುಂದಿನ ಹೆಜ್ಜೆ ಜರ್ಮನಿಯದು. 1846–47ರ ಬರಗಾಲದಲ್ಲಿ ಫ್ರೀಡ್ರಿಶ್ ವಿಲ್ಹೆಲ್ಮ್ ರೈಫೈಸನ್ ಎಂಬ ಪ್ರೊಟೆಸ್ಟೆಂಟ್ ಗ್ರಾಮಾಧಿಕಾರಿ ಉಳ್ಳವರಿಂದ ಹಣ ಕೂಡಿಸಿ ಬಡವರಿಗೆ ರೊಟ್ಟಿ ಒದಗಿಸಿದರು. ಉಳ್ಳವರ ಔದಾರ್ಯವನ್ನು ನಂಬಿದ ವ್ಯವಸ್ಥೆ ಬಹುಕಾಲ ಬಾಳದೆಂದು ಅನುಭವದಿಂದ ಅರಿತ ಅವರು, 1864ರಲ್ಲಿ ಹೆಡೆಸ್‌ಡಾರ್ಫ್‌ನಲ್ಲಿ ಸದಸ್ಯರೇ ಒಡೆಯರಾದ ಸಾಲ ಸಂಘವನ್ನು ಆರಂಭಿಸಿದರು. ಅದರಲ್ಲಿಯೂ ಸದಸ್ಯರು ಒಬ್ಬರಿಗೊಬ್ಬರು ಹೊಣೆಯಾಗಿದ್ದರೆಂಬುದನ್ನು ಮರೆಯಬಾರದು. ಆದರೆ ಸಾಲ ಕೊಟ್ಟ ಸಂಘವೂ ಹೊಣೆ ಹೊತ್ತ ನೆರೆಯವರೂ ಒಂದೇ ಆಗಿದ್ದರು. ಯಾರಿಗೆ ಎಷ್ಟು ಕೊಡಬೇಕು, ಯಾರ ಕಂತನ್ನು ಮುಂದೂಡಬೇಕು ಎಂಬುದನ್ನು ನಿರ್ಧರಿಸುವವರು ಅವರೇ. ಈ ಮಾದರಿಯೇ 1904ರ ಸಹಕಾರ ಸಾಲ ಸಂಘಗಳ ಕಾನೂನಿನ ಮೂಲಕ ಬ್ರಿಟಿಷ್ ಭಾರತಕ್ಕೆ ಬಂದು, 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಬೇರೂರಿತು. 1912ರಲ್ಲಿ ಮಂಗಳೂರಿನ ಕಥೋಲಿಕರು ತಮ್ಮ ಸಹಕಾರ ಬ್ಯಾಂಕನ್ನು ಕಟ್ಟಿಕೊಂಡರು. ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು ಸೀಮೆ ಆ ಕಾನೂನಿನ ವ್ಯಾಪ್ತಿಯ ಹೊರಗಿತ್ತು.

3. ಒಡಕಿನಿಂದ ಹುಟ್ಟಿದ ಸಂಘ

ಕರ್ನಾಟಕದ ಸ್ವಸಹಾಯ ಸಂಘಗಳ ಚರಿತ್ರೆ ಒಂದು ಸೋಲಿನಿಂದ ಆರಂಭವಾಗುತ್ತದೆ. ಟಿಬೆಟಿನ ನಿರಾಶ್ರಿತರ ಪುನರ್ವಸತಿಗೆ ನೆರವಾಗಲು 1968ರಲ್ಲಿ ಸ್ಥಾಪಿತವಾದ ಮೈರಾಡ ಸಂಸ್ಥೆ ಕ್ರಮೇಣ ಗ್ರಾಮಾಭಿವೃದ್ಧಿಗೆ ತಿರುಗಿ, ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳನ್ನು ಬೆಂಬಲಿಸುತ್ತಿತ್ತು. 1984–85ರ ವೇಳೆಗೆ ಅವು ಒಡೆಯತೊಡಗಿದವು. ಸಂಖ್ಯೆ ದೊಡ್ಡದು, ಸದಸ್ಯರ ನಡುವೆ ನಂಬಿಕೆ ಕಡಿಮೆ. ಅಧಿಕಾರ ಉಳ್ಳವರ ಕೈಯಲ್ಲಿ. ಹೊರಬಂದವರು ಚಿಕ್ಕ ಚಿಕ್ಕ ಗುಂಪುಗಳಲ್ಲಿ ಬಂದು, ಸಾಲವನ್ನು ಸಹಕಾರ ಸಂಘಕ್ಕೆ ಕಟ್ಟುವುದಿಲ್ಲ, ಮೈರಾಡಕ್ಕೆ ಕಟ್ಟುತ್ತೇವೆ ಎಂದರು. ನಮಗೆ ಬೇಡ, ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ ಎಂಬುದು ಅವರಿಗೆ ದೊರೆತ ಉತ್ತರ.

ಈ ಉತ್ತರದ ಮಹತ್ವವನ್ನು ನಾವು ಸರಿಯಾಗಿ ಅಳೆಯಬೇಕು. ಸಹಾಯಕ ಸಂಸ್ಥೆಯೊಂದು ತನ್ನ ಕಡೆಗೆ ಹರಿದುಬಂದ ವಿಶ್ವಾಸವನ್ನು ತನ್ನಲ್ಲಿ ಉಳಿಸಿಕೊಳ್ಳದೆ, ಬಂದವರ ಕಡೆಗೇ ತಿರುಗಿಸಿತು. ಹೀಗೆ ಮೂಡಿದ ಗುಂಪುಗಳನ್ನು ಯಾರೂ ಪಟ್ಟಿ ಹಿಡಿದು ರಚಿಸಿರಲಿಲ್ಲ. ಅವರಲ್ಲಿ ಮೊದಲೇ ಇದ್ದ ನಂಟು ಅವರನ್ನು ಕೂಡಿಸಿತ್ತು. ಮೈರಾಡವನ್ನು ಬಹುಕಾಲ ಮುನ್ನಡೆಸಿದ ಅಲೋಶಿಯಸ್ ಪ್ರಕಾಶ್ ಫರ್ನಾಂಡಿಸ್ ಅವರು ಈ ಪರಸ್ಪರ ವಿಶ್ವಾಸದ ನಂಟೇ ಸಂಘದ ಬುನಾದಿ ಎಂದು ತಮ್ಮ ಬರಹಗಳಲ್ಲಿ ಮತ್ತೆ ಮತ್ತೆ ಪ್ರತಿಪಾದಿಸಿದ್ದಾರೆ. 1987ರಲ್ಲಿ ನಬಾರ್ಡ್ ಈ ಗುಂಪುಗಳ ಪ್ರಯೋಗಕ್ಕೆ 10 ಲಕ್ಷ ರೂಪಾಯಿಗಳ ನೆರವು ನೀಡಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ದೇಶಾದ್ಯಂತ ಕೈಗೊಂಡಿತು. ಮುಂದೆ ಮೈರಾಡ ತನ್ನ ಕ್ಷೇತ್ರಗಳಿಂದ ಹಿಂದೆ ಸರಿಯುವಾಗ, ಸಂಘಗಳೇ ಶುಲ್ಕ ತೆತ್ತು ತಾವೇ ನಡೆಸಿಕೊಳ್ಳುವ ಸಂಪನ್ಮೂಲ ಕೇಂದ್ರಗಳನ್ನು ಬೆಳೆಸಿತು. ಹೊಸ ಸಂಘ ಕಟ್ಟುವವರಿಗೆ ದಾರಿ ತೋರಿಸುವ, ಲೆಕ್ಕ ಬರೆಯಲು ಕಲಿಸುವ ಕೆಲಸ ಹೀಗೆ ಹಳೆಯ ಸಂಘಗಳ ಕೈಗೆ ಬಂದಿತು.

4. ಕಾಲುವೆಯ ನಾಡು, ಬರದ ನಾಡು

ನಮ್ಮ ಮೂರು ತಾಲ್ಲೂಕುಗಳ ನೆಲ ಒಂದೇ ತೆರನಾದುದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರು ಭತ್ತದ ಕಣಜವಾಯಿತು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳೂ ಪೂರ್ವ ಬಂಗಾಳದ ನಿರಾಶ್ರಿತರ ಪುನರ್ವಸತಿ ಶಿಬಿರಗಳೂ ಅಲ್ಲಿವೆ. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿಯಿದೆ. ಆದಿಲ್‌ಶಾಹಿ ಕಾಲದಿಂದ ಕಥೋಲಿಕ ಸಮುದಾಯವೊಂದು ಬಾಳಿಬಂದಿರುವ ಮುದಗಲ್ಲೂ ಇದೆ. ಮಳೆಯನ್ನೇ ನಂಬಿದ ಹೊಲಗಳೂ ಇವೆ. ಇತ್ತೀಚೆಗೆ ತಾಲ್ಲೂಕಾದ ಮಸ್ಕಿ ಈ ಎರಡರ ನಡುವಿನದು. ನೀರಿಲ್ಲದ ಹಳ್ಳಿಗಳಿಂದ ಕುಟುಂಬಗಳು ವರ್ಷವರ್ಷವೂ ಗುಳೆ ಹೋಗುತ್ತವೆ. ಗುಳೆ ಹೋದವರ ವಾರದ ಸಭೆ ನಿಲ್ಲುತ್ತದೆ, ಉಳಿತಾಯ ತಪ್ಪುತ್ತದೆ. ಇಂಥಲ್ಲಿ ಸಂಘವನ್ನು ಕೇವಲ ಹಣದ ಮೇಲೆ ಕಟ್ಟಿದರೆ ಅದು ಮೊದಲ ಬರಗಾಲದಲ್ಲೇ ಬೀಳುತ್ತದೆ.

ಇದನ್ನು ಅರಿತು ನಡೆದ ಪ್ರಯತ್ನಗಳು ಈ ಜಿಲ್ಲೆಯಲ್ಲೇ ಇವೆ. 1989ರಲ್ಲಿ ಕರ್ನಾಟಕದಲ್ಲಿ ಆರಂಭವಾಗಿ ಮುಂದೆ ರಾಯಚೂರಿಗೂ ವಿಸ್ತರಿಸಿದ ಮಹಿಳಾ ಸಮಖ್ಯಾ ಕಾರ್ಯಕ್ರಮವು ಸಾಲಕ್ಕಿಂತ ಮೊದಲು ಮಾತಿಗೆ ಜಾಗ ಕೊಟ್ಟಿತು. ಸುಮಾರು ಹತ್ತು ಹಳ್ಳಿಗಳಿಗೊಬ್ಬ ಸಹಯೋಗಿನಿ. ಹೆಂಗಸರು ಕೂಡಿ ಕುಳಿತು ತಮ್ಮ ಕಷ್ಟವನ್ನು ತಾವೇ ಹೆಸರಿಸುವುದು ಮೊದಲ ಕೆಲಸ. ಸಿಂಧನೂರಿನಿಂದ ರಾಯಚೂರಿಗೆ ಹೋಗುವ ದಾರಿಯಲ್ಲಿರುವ ಪೋತ್ನಾಳದಲ್ಲಿ 1999ರಲ್ಲಿ ರೂಪುಗೊಂಡ ಜಾಗೃತ ಮಹಿಳಾ ಸಂಘಟನೆ ದಲಿತ ಕೂಲಿಕಾರ ಮಹಿಳೆಯರದು. ಕೂಲಿಯ ಹಕ್ಕು, ದೌರ್ಜನ್ಯದ ವಿರುದ್ಧ ಹೋರಾಟ, ದುಡಿಮೆಯಿಂದ ಬಿಡಿಸಿ ತಂದ ಮಕ್ಕಳಿಗೆ ‘ಚಿಲಿಪಿಲಿ’ ಶಾಲೆ, ಸುಟ್ಟ ಮಣ್ಣಿನ ಆಭರಣಗಳ ತಯಾರಿಕೆ ಎಲ್ಲವೂ ಆ ಒಂದೇ ಸಂಘಟನೆಯೊಳಗೆ ಬೆಳೆದವು. 2019ರ ಜನವರಿಯಲ್ಲಿ ಮದ್ಯನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸಾವಿರಾರು ಮಹಿಳೆಯರು ನಡೆದರು. ಅವರಲ್ಲಿ ರಾಯಚೂರು ಜಿಲ್ಲೆಯವರೂ ಇದ್ದರು. ಕುಡಿತದಿಂದ ನೊಂದ ಮನೆಯ ದುಃಖ ಒಬ್ಬಳ ಗುಟ್ಟಾಗಿ ಉಳಿದಿದ್ದರೆ ಆ ನಡಿಗೆ ಹೊರಡುತ್ತಿರಲಿಲ್ಲ.

5. ನೆರೆಯವಳು ಜಾಮೀನಾದಾಗ

ಸಂಘ ಎಂಬ ಹೆಸರಿನ ಮೇಲೆ ಮೂಡಿದ ಈ ವಿಶ್ವಾಸವನ್ನೇ ಮುಂದೆ ಬೇರೊಂದು ವ್ಯವಸ್ಥೆ ಬಳಸಿಕೊಂಡಿತು. ಕಿರುಸಾಲ ಕಂಪನಿಗಳ ಜಂಟಿ ಹೊಣೆಗಾರಿಕೆ ಗುಂಪು ಹೊರನೋಟಕ್ಕೆ ಸ್ವಸಹಾಯ ಸಂಘದಂತೆಯೇ ಕಾಣುತ್ತದೆ: ಅದೇ ಓಣಿ, ಅದೇ ಹೆಂಗಸರು, ಅದೇ ವಾರದ ಸಭೆ. ಒಳಗಿನ ರಚನೆ ಬೇರೆ. ಹಣ ಸದಸ್ಯರ ಉಳಿತಾಯದ್ದಲ್ಲ, ಕಂಪನಿಯದು. ಕಂತಿನ ನಿಯಮವನ್ನು ಗುಂಪು ಮಾಡುವುದಿಲ್ಲ. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಆದ್ದರಿಂದ ವಸೂಲಿಯ ಒತ್ತಡ ಕಂಪನಿಯ ನೌಕರನಿಗಿಂತ ಮೊದಲು ನೆರೆಯವಳ ಬಾಯಿಂದಲೇ ಬರುತ್ತದೆ. ಜ್ವರದಲ್ಲಿ ಗಂಜಿ ತಂದುಕೊಡುತ್ತಿದ್ದವಳು ಬಾಗಿಲಲ್ಲಿ ನಿಂತು ಹಣ ಕೇಳುವವಳಾಗುತ್ತಾಳೆ.

ಇದರ ಪರಿಣಾಮವನ್ನು ನೆರೆಯ ಆಂಧ್ರಪ್ರದೇಶ 2010ರಲ್ಲಿ ಕಂಡು ಸುಗ್ರೀವಾಜ್ಞೆ ಹೊರಡಿಸಿತು. ಕರ್ನಾಟಕದಲ್ಲಿ ಕಿರುಕುಳ ತಾಳದೆ ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿಗಳು ಬಂದ ಮೇಲೆ, 2025ರ ಫೆಬ್ರುವರಿಯಲ್ಲಿ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ಜಾರಿಗೆ ಬಂದಿತು. ತಪ್ಪಿತಸ್ಥರಿಗೆ 10 ವರ್ಷಗಳವರೆಗಿನ ಸೆರೆವಾಸ ಮತ್ತು 5 ಲಕ್ಷ ರೂಪಾಯಿಗಳವರೆಗಿನ ದಂಡವನ್ನು ಅದು ವಿಧಿಸಿತು. ಕಾನೂನು ಕಂಪನಿಯ ನೌಕರನನ್ನು ತಡೆಯಬಲ್ಲದು. ಮುರಿದುಹೋದ ನೆರೆಹೊರೆಯನ್ನು ಅದು ಕೂಡಿಸಲಾರದು. ಆ ಕೆಲಸ ನಮ್ಮಂಥವರ ಮುಂದಿದೆ.

6. ಸಹಾಯಕನ ಸ್ಥಾನ

ನೆಹೆಮೀಯನ ಗ್ರಂಥದ ಐದನೆಯ ಅಧ್ಯಾಯ ಇಲ್ಲಿ ನಮಗೆ ದಾರಿದೀಪ. ಹೊಲ, ದ್ರಾಕ್ಷಾತೋಟ, ಕೊನೆಗೆ ಮಕ್ಕಳನ್ನೂ ಒತ್ತೆಯಿಟ್ಟ ಜನರ ಮೊರೆಯನ್ನು ಕೇಳಿದ ನೆಹೆಮೀಯನು ಗುಟ್ಟಾಗಿ ಪರಿಹಾರಧನ ಹಂಚಲಿಲ್ಲ. ಮಹಾಸಭೆ ಕೂಡಿಸಿ, ಸಾಲಿಗರು ತಮ್ಮದೇ ಸಹೋದರರನ್ನು ಹಿಂಡುತ್ತಿರುವುದನ್ನು ಎಲ್ಲರೆದುರು ಹೇಳಿದನು. ಸಹೋದರತ್ವವು ಸಾಲದ ಸಲಕರಣೆಯಾದುದೇ ಅವನ ಕೋಪಕ್ಕೆ ಕಾರಣ.

ವಿಶ್ವಗುರು ಹನ್ನೊಂದನೆಯ ಪಯಸ್‌ರವರು 1931ರ ‘ಕ್ವಾದ್ರಜೇಸಿಮೊ ಆನ್ನೊ’ ವಿಶ್ವಪತ್ರದಲ್ಲಿ ಸ್ಪಷ್ಟಪಡಿಸಿದ ಪೂರಕತೆಯ ತತ್ವದಂತೆ, ಚಿಕ್ಕ ಸಮುದಾಯವು ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡದು ಕಸಿದುಕೊಳ್ಳುವುದು ಅನ್ಯಾಯ. ಈ ತತ್ವವನ್ನು ನಾವು ಸಾಮಾನ್ಯವಾಗಿ ಸರ್ಕಾರದ ಮುಂದೆ ಇಡುತ್ತೇವೆ. ಧರ್ಮಕೇಂದ್ರದೊಳಗೆ ಅಷ್ಟಾಗಿ ಅನ್ವಯಿಸುವುದಿಲ್ಲ. ಸಂಘದ ಪಾಸ್‌ಬುಕ್ ಗುರುಗಳ ಕಪಾಟಿನಲ್ಲಿದ್ದರೆ, ಸಭೆಯ ದಿನವನ್ನು ಕನ್ಯಾಸ್ತ್ರೀಯರ ಬಿಡುವು ನಿರ್ಧರಿಸುತ್ತಿದ್ದರೆ, ಲೆಕ್ಕ ಬರೆಯುವವಳು ಇಪ್ಪತ್ತು ವರ್ಷಗಳಿಂದ ಸಂಸ್ಥೆಯ ನೌಕರಳೇ ಆಗಿದ್ದರೆ, ಅದು ಸದುದ್ದೇಶದ ಕೂಟವಿರಬಹುದು; ಇನ್ನೂ ಅವರ ಸಂಘವಲ್ಲ. ಹಾಗೆ ಪರರ ಕೈಯಲ್ಲಿ ಉಳಿದ ಸಂಘಕ್ಕೆ ಒಳಗಿನಿಂದ ಬಲ ಬರುವುದಿಲ್ಲ. ನಾಳೆ ಕಂಪನಿಯವನು ಓಣಿಗೆ ಬಂದಾಗ ಬೇಡವೆನ್ನುವ ಧೈರ್ಯವೂ ಅದಕ್ಕಿರುವುದಿಲ್ಲ.

ಹಿಂದೆ ಸರಿಯುವುದೆಂದರೆ ಕೈಬಿಡುವುದಲ್ಲ. ಹೊಸಬರಿಗೆ ಸಂಘವೆಲ್ಲಿದೆಯೆಂದು ತಿಳಿಸುವುದು, ಇಲ್ಲದ ಕಡೆ ಇಬ್ಬರು ಮೂವರನ್ನು ಪರಿಚಯಿಸುವುದು, ಲೆಕ್ಕ ಕಲಿಸುವುದು, ಗುಳೆಯಿಂದ ಮರಳಿದವರು ಮತ್ತೆ ಸೇರಲು ನಿಯಮ ಸಡಿಲಿಸುವಂತೆ ಸಲಹೆ ನೀಡುವುದು, ಜಗಳವಾದಾಗ ಕರೆದರೆ ಹೋಗುವುದು ಸಹಾಯಕನ ಪಾಲಿನ ಕೆಲಸಗಳು. ಸ್ನಾನಿಕ ಯೊವಾನ್ನರು ತಮ್ಮ ಶಿಷ್ಯರನ್ನು ಯೇಸುವಿನತ್ತ ಕಳಿಸಿ ತಾವು ಕಿರಿದಾದುದನ್ನು ಶುಭಸಂದೇಶವು ಸಂತೋಷದ ಸಂಗತಿಯೆಂದೇ ಹೇಳುತ್ತದೆ. ಮುಂದಿನ ಸುಗ್ಗಿ ಮುಗಿದು ಜನ ಗುಳೆಗೆ ಹೊರಡುವ ಮುನ್ನ, ತಮ್ಮ ವ್ಯಾಪ್ತಿಯ ಸಂಘಗಳ ಪುಸ್ತಕಗಳು ಯಾರ ಮನೆಯಲ್ಲಿವೆ ಎಂಬುದನ್ನು ಪ್ರತಿಯೊಬ್ಬ ಗುರುವೂ ಒಮ್ಮೆ ಕೇಳಿ ತಿಳಿಯಲಿ. ತಮ್ಮಲ್ಲೇ ಇದ್ದರೆ, ಹಿಂದಿರುಗಿಸಲು ಅದೇ ತಕ್ಕ ಕಾಲ.