ಗೃಹಾಧಾರಿತ ಶಿಕ್ಷಣ: ಹಕ್ಕಿದೆ, ಗಂಟೆ ಇಲ್ಲ

ಸರ್ಕಾರಿ ಶಾಲೆಯೊಂದರ ಹಾಜರಿ ಪುಸ್ತಕದಲ್ಲಿ ಒಂದು ಮಗುವಿನ ಹೆಸರಿದೆ ಅಂದುಕೊಳ್ಳಿ. ಸ್ಯಾಟ್ಸ್‌ನಲ್ಲಿ ನಂಬರೂ ಇದೆ. ಆದ್ರೆ ಆ ಮಗು ಒಂದು ದಿನವೂ ತರಗತಿಯಲ್ಲಿ ಕೂತಿಲ್ಲ, ಕೂರೋದೂ ಕಷ್ಟ. ಇದು ಬೋಗಸ್ ದಾಖಲಾತಿ ಅಲ್ಲ. ಶಾಲೆಗೆ ಬರಲಾಗದ ಮಗುವಿಗೆ ಮನೆಗೇ ಹೋಗಿ ಕಲಿಸುವ ಸರ್ಕಾರಿ ವ್ಯವಸ್ಥೆಯೊಂದಿದೆ. ಅದರ ಹೆಸರು ಗೃಹಾಧಾರಿತ ಶಿಕ್ಷಣ. ಇದು ಪೋಷಕರೇ ಶಾಲೆ ಬೇಡ ಅಂತ ಮನೆಯಲ್ಲಿ ಪಾಠ ಮಾಡುವ ಹೋಮ್‌ಸ್ಕೂಲಿಂಗ್ ಅಲ್ಲ. ಇಲ್ಲಿ ಹೊಣೆ ಸರ್ಕಾರದ್ದು.

ಹೊಣೆ ಎಷ್ಟು ಅನ್ನೋದೇ ಪ್ರಶ್ನೆ.

ಕಾನೂನಿನಲ್ಲಿ ಏನಿದೆ

ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರ ಏಪ್ರಿಲ್ 1ರಿಂದ. ಮೂಲ ಕಾಯ್ದೆಯಲ್ಲಿ ಮನೆ ಪಾಠದ ಮಾತೇ ಇರಲಿಲ್ಲ. 2012ರ ತಿದ್ದುಪಡಿ ಅದನ್ನು ಸೇರಿಸಿತು. ಬಹುವಿಧ ಅಂಗವೈಕಲ್ಯ ಅಥವಾ ತೀವ್ರ ಅಂಗವೈಕಲ್ಯ ಇರುವ ಮಗು ಗೃಹಾಧಾರಿತ ಶಿಕ್ಷಣವನ್ನು ಆಯ್ದುಕೊಳ್ಳಬಹುದು ಅಂತ. ಇಲ್ಲಿ ‘ಆಯ್ದುಕೊಳ್ಳಬಹುದು’ ಅನ್ನುವ ಪದ ಗಮನಿಸಿ. ಆಯ್ಕೆ ಮಗು ಮತ್ತು ಪೋಷಕರದ್ದು. ‘ನಿಮ್ಮ ಮಗೂನ ಇಲ್ಲಿ ನೋಡ್ಕೊಳ್ಳೋಕಾಗಲ್ಲ, ಮನೇಲೇ ಇಟ್ಕೊಳ್ಳಿ’ ಅಂತ ಹೇಳುವ ಅಧಿಕಾರ ಹೆಡ್‌ಮಾಸ್ಟರಿಗೆ ಇಲ್ಲ. ರ‍್ಯಾಂಪ್ ಇಲ್ಲ, ಶೌಚಾಲಯಕ್ಕೆ ವ್ಹೀಲ್‌ಚೇರ್ ಹೋಗಲ್ಲ ಅನ್ನೋದು ಶಾಲೆಯ ಕೊರತೆ, ಮಗುವಿನದ್ದಲ್ಲ.

ಹಾಗಾದ್ರೆ ‘ತೀವ್ರ’ ಅಂದ್ರೆ ಎಷ್ಟು? ಇದಕ್ಕೆ ಕಾಯ್ದೆ 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆಯ ಕಡೆ ಕೈ ತೋರಿಸುತ್ತದೆ. ಅಲ್ಲಿರುವ ಗೆರೆ ಶೇ 80. ಮಾಮೂಲಿ ಸವಲತ್ತುಗಳಿಗೆ ಬೇಕಾದ ಶೇ 40ರ ದುಪ್ಪಟ್ಟು. ಅಂದ್ರೆ ಒಂದೇ ಬಗೆಯ ವೈಕಲ್ಯ ಇದ್ದು, ಸರ್ಟಿಫಿಕೇಟಿನಲ್ಲಿ ಶೇ 75 ಅಂತ ಬರೆದಿದ್ದರೆ ಕಾಯ್ದೆಯ ಮಾತಿನ ಪ್ರಕಾರ ಆ ಮಗುವಿಗೆ ಈ ಆಯ್ಕೆ ಇಲ್ಲ. ಮನೆಯಿಂದ ಶಾಲೆಗೆ ಎರಡು ಕಿಲೋಮೀಟರ್ ಮಣ್ಣಿನ ದಾರಿ ಇದ್ದು, ಎತ್ತಿಕೊಂಡು ಹೋಗುವ ಅಮ್ಮ ದಿನಗೂಲಿಗೆ ಹೋಗಬೇಕು ಅನ್ನೋದೆಲ್ಲ ಆ ಶೇಕಡಾವಾರು ಲೆಕ್ಕದೊಳಗೆ ಬರೋದಿಲ್ಲ.

ಮನೆಗೆ ಬರೋರು ಯಾರು

ಕರ್ನಾಟಕದಲ್ಲಿ ಇದು ನಡೆಯೋದು ಸಮಗ್ರ ಶಿಕ್ಷಣ ಯೋಜನೆಯಡಿ. ಮಗುವಿನ ಹೆಸರು ಹತ್ತಿರದ ಶಾಲೆಯಲ್ಲಿರುತ್ತದೆ. ಬ್ಲಾಕ್ ಮಟ್ಟದ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಅಂದ್ರೆ ಬಿಆರ್‌ಸಿಯಲ್ಲಿ, ಸಮನ್ವಯ ಶಿಕ್ಷಣಕ್ಕೆಂದು ಬಿಐಇಆರ್‌ಟಿ ಶಿಕ್ಷಕರು ಇರುತ್ತಾರೆ. ಮನೆಮನೆ ಭೇಟಿ ಅವರ ಕೆಲಸ. ಅದರ ಜೊತೆಗೆ ವಿಶೇಷ ಅಗತ್ಯವುಳ್ಳ ಮಕ್ಕಳನ್ನು ಗುರುತಿಸಬೇಕು, ವೈದ್ಯಕೀಯ ಶಿಬಿರ ನಡೆಸಬೇಕು, ಶ್ರವಣ ಸಾಧನ-ವ್ಹೀಲ್‌ಚೇರ್ ಹಂಚಿಸಬೇಕು, ಶಾಲೆಗಳಿಗೆ ಹೋಗಿ ಉಳಿದ ಶಿಕ್ಷಕರಿಗೆ ಹೇಳಿಕೊಡಬೇಕು, ಎಲ್ಲದಕ್ಕೂ ವರದಿ ಬರೀಬೇಕು. ಬ್ಲಾಕ್ ಅಂದ್ರೆ ಒಂದಿಡೀ ತಾಲ್ಲೂಕು ಇರಬಹುದು. ಅವರನ್ನು ದೂರಿ ಪ್ರಯೋಜನವಿಲ್ಲ.

ದುಡ್ಡಿನ ವಿಚಾರಕ್ಕೆ ಬಂದ್ರೆ, ಸಮಗ್ರ ಶಿಕ್ಷಣದಲ್ಲಿ ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿಗೆ ವರ್ಷಕ್ಕೆ ಗರಿಷ್ಠ 3,500 ರೂಪಾಯಿ. ಶಿಕ್ಷಕರ ಸಂಬಳ ಇದರ ಹೊರಗಿನದು, ನಿಜ. ಆದ್ರೂ ಸಾಧನ-ಸಲಕರಣೆ, ಕಲಿಕಾ ಸಾಮಗ್ರಿ ಇತ್ಯಾದಿಗೆ ಸಿಗೋದು ದಿನಕ್ಕೆ ಹತ್ತು ರೂಪಾಯಿಗಿಂತ ಕಡಿಮೆ.

800 ಗಂಟೆ ಮತ್ತು ಸೊನ್ನೆ

ಇಂಜಿನಿಯರಿಂಗ್ ಓದಿದವನ ಚಾಳಿ, ಯಾವ ವ್ಯವಸ್ಥೆ ಸಿಕ್ಕರೂ ನಾನು ಮೊದಲು ಹುಡುಕೋದು ಅದರ ಅಳತೆಪಟ್ಟಿ. ಆರ್‌ಟಿಇ ಕಾಯ್ದೆಗೆ ಅಂಥದ್ದೊಂದು ಅನುಸೂಚಿ ಇದೆ. 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ, 800 ಬೋಧನಾ ಗಂಟೆ. 6ರಿಂದ 8ಕ್ಕೆ 220 ದಿನ, 1,000 ಗಂಟೆ. ಮನೆಯಲ್ಲೇ ಕಲಿಯುವ ಮಗುವಿಗೆ? ಅನುಸೂಚಿಯಲ್ಲಿ ಒಂದು ಸಾಲೂ ಇಲ್ಲ. ವಾರಕ್ಕೊಮ್ಮೆ ಶಿಕ್ಷಕರು ಬಂದು ಒಂದು ಗಂಟೆ ಕೂತರು, ವರ್ಷಕ್ಕೆ 40 ವಾರ ತಪ್ಪದೆ ಬಂದರು ಅಂತಲೇ ಇಟ್ಟುಕೊಳ್ಳೋಣ. 40 ಗಂಟೆ ಆಯ್ತು, 800ರಲ್ಲಿ ಇಪ್ಪತ್ತನೇ ಒಂದು ಪಾಲು. ತಿಂಗಳಿಗೊಮ್ಮೆ ಬಂದರೂ, ಬರದೇ ಇದ್ದರೂ ಈ ಕಾಯ್ದೆಯ ಯಾವ ಗೆರೆಯೂ ದಾಟಿದಂತಾಗಲ್ಲ, ಯಾಕಂದ್ರೆ ಗೆರೆಯೇ ಇಲ್ಲ. ಹೆಸರು ದಾಖಲಾಗಿರೋದರಿಂದ ಆ ಮಗು ‘ಶಾಲೆಯಿಂದ ಹೊರಗುಳಿದವರ’ ಲೆಕ್ಕಕ್ಕೂ ಸೇರಲ್ಲ.

ಬೇರೆ ಕಡೆ ಗೆರೆ ಹಾಕಿದ್ದಾರೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಮನೆಯಲ್ಲೋ ಆಸ್ಪತ್ರೆಯಲ್ಲೋ ಇರುವ ಮಗುವಿಗೆ ಕನಿಷ್ಠ ಪಾಠದ ಸಮಯ ಪ್ರಾಥಮಿಕದಲ್ಲಿ ವಾರಕ್ಕೆ 5 ಗಂಟೆ, ಪ್ರೌಢಶಾಲೆಯಲ್ಲಿ 10 ಗಂಟೆ ಇತ್ತು. 2023ರಿಂದ ಅದನ್ನು 10 ಮತ್ತು 15ಕ್ಕೆ ಏರಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಒಬ್ಬರಿಗೇ ಕೂತು ಹೇಳಿಕೊಟ್ಟ ಒಂದು ಗಂಟೆಯನ್ನು ಒಂದು ದಿನದ ಹಾಜರಿ ಅಂತ ಲೆಕ್ಕ ಹಾಕುತ್ತಾರೆ. ಇದೇನೂ ಧಾರಾಳತನ ಅಲ್ಲ. ಆದ್ರೆ ಲೆಕ್ಕ ಇದೆ, ಕೊಡದಿದ್ದರೆ ಕೇಳೋಕೆ ಒಂದು ಸಂಖ್ಯೆ ಇದೆ.

ಕಾಯಿಲೆ ಬಿದ್ದ ಮಗು ಎಲ್ಲಿ?

ಆ ಎರಡೂ ರಾಜ್ಯಗಳಲ್ಲಿ ಕಾಯಿಲೆಯಿಂದ ಮನೆ ಹಿಡಿದ ಮಗುವಿಗೂ ಪಾಠ ಸಿಗುತ್ತದೆ. ಇಂಗ್ಲೆಂಡಿನಲ್ಲಿ 1996ರ ಶಿಕ್ಷಣ ಕಾಯ್ದೆ ಈ ಹೊಣೆಯನ್ನು ಸ್ಥಳೀಯ ಆಡಳಿತದ ಮೇಲೆ ಹಾಕಿದೆ. 15 ದಿನ ಅಥವಾ ಅದಕ್ಕಿಂತ ಹೆಚ್ಚು ಶಾಲೆ ತಪ್ಪುತ್ತದೆ ಅಂತ ಗೊತ್ತಾದ ಕೂಡಲೇ ಪಾಠದ ವ್ಯವಸ್ಥೆ ಮಾಡಬೇಕು ಅನ್ನುತ್ತದೆ ಅಲ್ಲಿನ ಮಾರ್ಗಸೂಚಿ.

ನಮ್ಮ ತಿದ್ದುಪಡಿಯಲ್ಲಿ ಕಾಯಿಲೆ ಅನ್ನುವ ಪದವೇ ಇಲ್ಲ. ಮಕ್ಕಳ ರಕ್ತ ಕ್ಯಾನ್ಸರಿಗೆ ಚಿಕಿತ್ಸೆ ಅಂದ್ರೆ ಹೆಚ್ಚುಕಡಿಮೆ ಎರಡು-ಎರಡೂವರೆ ವರ್ಷ. ಮೊದಲ ತಿಂಗಳುಗಳಲ್ಲಿ ಸೋಂಕಿನ ಭಯದಿಂದ ತರಗತಿಗೆ ಕಳಿಸೋ ಹಾಗೇ ಇಲ್ಲ. ರಾಯಚೂರು, ಕಲಬುರಗಿ ಕಡೆಯಿಂದ ಬೆಂಗಳೂರಿನ ಕಿದ್ವಾಯಿಗೆ ಬರುವ ಕುಟುಂಬಗಳು ಆಸ್ಪತ್ರೆ ಹತ್ತಿರವೇ ತಿಂಗಳುಗಟ್ಟಲೆ ಉಳಿಯಬೇಕಾಗುತ್ತದೆ. ಆ ಮಗು ಅಂಗವಿಕಲ ಅಲ್ಲ, ಹಾಗಾಗಿ ಗೃಹಾಧಾರಿತ ಶಿಕ್ಷಣದ ಹಕ್ಕಿಲ್ಲ. ಊರಿನ ಶಾಲೆಯ ಪುಸ್ತಕದಲ್ಲಿ ಅದು ‘ದೀರ್ಘ ಗೈರು’. ಎಸ್‌ಎಸ್‌ಎಲ್‌ಸಿ ಆಗಿದ್ದರಂತೂ ಶೇ 75ರ ಹಾಜರಾತಿಯ ತಲೆನೋವು ಬೇರೆ.

ಮಕ್ಕಳಿದ್ದಲ್ಲಿಗೆ ಶಿಕ್ಷಕರನ್ನು ಕಳಿಸೋದು ನಮ್ಮಿಂದ ಆಗದ ಕೆಲಸ ಅಂತ ಯಾರಾದರೂ ಹೇಳಿದರೆ 2020 ನೆನಪಿಸಿ. ಕೋವಿಡ್‌ಗೆ ಶಾಲೆಗಳು ಮುಚ್ಚಿದ್ದಾಗ ಇದೇ ಸರ್ಕಾರಿ ಶಿಕ್ಷಕರು ವಿದ್ಯಾಗಮದ ಹೆಸರಲ್ಲಿ ದೇವಸ್ಥಾನದ ಕಟ್ಟೆ, ಮರದ ನೆರಳಲ್ಲಿ ಪಾಠ ಮಾಡಿದರು. ಚಂದನದಲ್ಲಿ ಸಂವೇದ ಪಾಠಗಳು ಬಂದವು. ಶಿಕ್ಷಕರಿಗೆ ಸೋಂಕು ತಗುಲಿ ಅಕ್ಟೋಬರ್‌ನಲ್ಲಿ ವಿದ್ಯಾಗಮ ನಿಂತಿತು, ಮುಂದೆ ಶಾಲೆಗಳು ತೆರೆದವು. ಶಾಲೆ ತೆರೆದರೂ ಬರಲಾಗದ ಮಕ್ಕಳಿಗೆ ಆ ಮಾದರಿಯನ್ನು ಉಳಿಸಿಕೊಳ್ಳಬಹುದಿತ್ತು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಗೃಹಾಧಾರಿತ ಶಿಕ್ಷಣದ ಆಡಿಟ್ ಆಗಬೇಕು, ಅದರ ಮೇಲೆ ಮಾನದಂಡ ರೂಪಿಸಬೇಕು ಅಂದಿದೆ. ನೀತಿಯ ಬಗ್ಗೆ ನಮ್ಮಲ್ಲಿ ಎಷ್ಟೋ ಜಗಳ ಆಗಿದೆ, ಭಾಷೆ ಬಗ್ಗೆ, ನಾಲ್ಕು ವರ್ಷದ ಡಿಗ್ರಿ ಬಗ್ಗೆ. ಈ ಒಂದು ಪ್ಯಾರಾ ಬಗ್ಗೆ ಯಾರೂ ಜಗಳ ಆಡಿದ್ದು ನಾನಂತೂ ನೋಡಿಲ್ಲ.

ನಿಮ್ಮ ಬೀದಿಯಲ್ಲಿ ಇಂಥ ಮಗು ಇದ್ದರೆ

ಮೊದಲು ಹತ್ತಿರದ ಸರ್ಕಾರಿ ಶಾಲೆಯಲ್ಲಿ ಹೆಸರು ದಾಖಲಿಸಿ. ಸರ್ಟಿಫಿಕೇಟ್ ಇನ್ನೂ ಬಂದಿಲ್ಲ ಅನ್ನುವ ನೆಪಕ್ಕೆ ಸುಮ್ಮನಾಗಬೇಡಿ. ಯುಡಿಐಡಿ ಕಾರ್ಡಿಗೆ ಅರ್ಜಿ ಬೇರೆ, ದಾಖಲಾತಿ ಬೇರೆ. ಬಿಆರ್‌ಸಿಗೆ ಹೋಗಿ ಬಿಐಇಆರ್‌ಟಿಯನ್ನು ಭೇಟಿ ಮಾಡಿ, ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆಯ ಪ್ರತಿ ಕೇಳಿ. ಪಠ್ಯಪುಸ್ತಕ, ಸಮವಸ್ತ್ರ ಆ ಮಗುವಿಗೂ ಸಲ್ಲಬೇಕು. ಎಷ್ಟೋ ಮನೆಯಲ್ಲಿ ಸಮವಸ್ತ್ರವೇ ಆ ಮಗುವಿಗೂ ಶಾಲೆಗೂ ಇರುವ ಏಕೈಕ ನಂಟು. ಕಳೆದ ಮೂರು ತಿಂಗಳಲ್ಲಿ ಶಿಕ್ಷಕರು ಯಾವ ತಾರೀಖು ಬಂದರು, ಎಷ್ಟು ಹೊತ್ತು ಕೂತರು, ಏನು ಕಲಿಸಿದರು ಅಂತ ಅಮ್ಮನ ಹತ್ತಿರ ಒಂದು ನೋಟ್‌ಬುಕ್‌ನಲ್ಲಿ ಬರೆಸಿಡಿ. ಅದೇ ಮೂರು ತಿಂಗಳ ಭೇಟಿ ವಿವರವನ್ನು ಬಿಇಒ ಕಚೇರಿಗೆ ಆರ್‌ಟಿಐ ಹಾಕಿ ಕೇಳಿ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಮುಂದಿನ ಎಸ್‌ಡಿಎಂಸಿ ಸಭೆಗೆ ಹೋಗಿ.